ಹದಿನಾರು ಇಂಗಾಲದ ಬಾಲ

ಮಧ್ಯಾಹ್ನದ ಎರಡನೇ ಪೀರಿಯಡ್ಡು.
ದಾವಣಗೆರೆಯ ಏಪ್ರಿಲ್ಲು ಕಿಟಕಿಯಾಚೆ
ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು.
ಬೋರ್ಡಿನ ಮೇಲೆ ಒಂದು ಸುತ್ತು ಎಳೆದೆ: ಇದು ಜೀವಕೋಶ.
ಒಳಗೆಲ್ಲ ನೀರು. ನೀರಲ್ಲಿ ಪ್ರೋಟೀನು,
ಸಂತೆಗೆ ಬಂದು ಕೊಳ್ಳುವುದೇನೆಂದು ಮರೆತವನ ಹಾಗೆ
ಅಲ್ಲಿಲ್ಲಿ ಅಲೆಯುತ್ತದೆ.
ಸುತ್ತ ಗೋಡೆ, ಎಣ್ಣೆಯ ಗೋಡೆ.
ಹೊರಗಿನ ಸುದ್ದಿ ಬಂದು ನಿಲ್ಲುವುದು ಆ ಗೋಡೆಯ ಬಳಿ;
ಕೇಳಿಸಿಕೊಳ್ಳಬೇಕಾದವನು ನಡುನೀರಲ್ಲಿ.

ಆಗ ಒಂದು ಕಿಣ್ವ ಬಂದು
ಅವನ ಮೈಯ ಗಂಧಕದ ಗೂಟಕ್ಕೆ
ಹದಿನಾರು ಇಂಗಾಲದ ಬಾಲ ಸಿಕ್ಕಿಸುತ್ತದೆ.
ಪಾಲ್ಮಿಟಿಕ್ ಆಮ್ಲ. ಶುದ್ಧ ಕೊಬ್ಬು. ನೀರೆಂದರಾಗದು ಅದಕ್ಕೆ,
ಎಣ್ಣೆಗೋಡೆಯಲ್ಲಿ ಹೊಕ್ಕು ಕೂರುತ್ತದೆ.
ಬಾಲ ಹೋದಲ್ಲಿ ಪ್ರೋಟೀನು. ಕೂತಲ್ಲಿ ಕೆಲಸ.

ದೋಸೆ ಹೆಂಚಿಗೆ ಎಣ್ಣೆ ಸವರುತ್ತಾರಲ್ಲ, ಹಾಗೆ, ಎಂದೆ.
ಹದಿನೇಳು ವರ್ಷದಿಂದ ಇದೇ ಹೋಲಿಕೆ,
ಇದೇ ಜಾಗದಲ್ಲಿ ಇದೇ ನಗು.

ಕೊನೇ ಬೆಂಚಿನಿಂದ ಶಬೀನಾ:
"ಹೆಂಚಿಗೆ ಎಣ್ಣೆ ಹಚ್ಚೋದು ಅಂಟದೇ ಇರ್ಲಿ ಅಂತ, ಮೇಡಂ.
ನೀವು ಹೇಳ್ತಿರೋದು ಅಂಟ್ಲಿ ಅಂತ."
ಕ್ಲಾಸು ಸುಮ್ಮನಾಯಿತು. ಫ್ಯಾನೂ ನಿಂತಿತು,
ಕರೆಂಟು ಹೋಗಿತ್ತು.
"ಮಂಡಕ್ಕಿ ಅನ್ರಿ. ಭಟ್ಟಿಯಿಂದ ತೆಗೆದ ಒಣ ಮಂಡಕ್ಕಿಗೆ
ಎಷ್ಟು ಖಾರದಪುಡಿ ಉದುರಿಸಿದ್ರೂ ತಳಕ್ಕೇ ಇಳೀತತಿ.
ನರ್ಗಿಸ್ ಮಾಡೋವಾಗ ಅಮ್ಮ ಮೊದ್ಲು ಎಣ್ಣೆ ಕಾಸಿ ಸುರೀತಾಳೆ.
ಆಮೇಲೆ ಅರಿಶಿನ, ಪುಟಾಣಿ ಹಿಟ್ಟು, ಎಲ್ಲಾ ಹಿಡ್ಕಂಡು ಕೂರ್ತತಿ."

ಬೋರ್ಡಿನ ಹೆಂಚನ್ನು ಅಳಿಸಿದೆ.

ಅಂಟಿದ್ದು ಅಂಟಿಯೇ ಇರಬಾರದು, ಎಂದು ಮುಂದುವರಿಸಿದೆ.
ಹದಿನಾಲ್ಕು ಇಂಗಾಲದ ಬಾಲವೊಂದಿದೆ,
ಹುಟ್ಟುವಾಗಲೇ ಹತ್ತಿದ್ದು, ಮುಂಗೈ ಹಚ್ಚೆಯಂತೆ ಕೊನೆತನಕ.
ಈ ಹದಿನಾರರದ್ದು ಹಚ್ಚುವವರಿದ್ದಂತೆ
ಬಿಡಿಸುವವರೂ ಇರುವ ನಂಟು.
ಕೂರಿಸು, ಕೆಲಸ ಆಯಿತೇ, ಬಿಡಿಸು, ಮತ್ತೆ ನೀರಿಗೆ ಬಿಡು.

"ಬಿಡಿಸೋರು ಇಲ್ದಿದ್ರೆ?"

ಪುಸ್ತಕದ ಮೂಲೆಯ ಚೌಕದಲ್ಲಿದ್ದ ಆರು ಸಾಲನ್ನು
ತಡೆಯದೆ ಒಪ್ಪಿಸಿದೆ: ಬಲು ಅಪರೂಪ; ಒಂದು ಜೀನಿನ ತಪ್ಪು;
ಹಳೆಯ ಪ್ರೋಟೀನು ಕರಗಲು ಹೋದಲ್ಲಿ
ಬಾಲ ಕಳಚದೆ ನರಕೋಶದೊಳಗೆ ರಾಶಿ ಬೀಳುತ್ತದೆ;
ವರ್ಷದವರೆಗೆ ಮಗು ಎಲ್ಲರಂತೆಯೇ, ಆಮೇಲೆ
ಕಲಿತ ಮಾತು ಹೋಗುತ್ತದೆ, ನಡಿಗೆ ಹೋಗುತ್ತದೆ, ಕಣ್ಣು.
ಪರೀಕ್ಷೆಗೆ ಬರುವುದಿಲ್ಲ, ಎಂದೂ ಸೇರಿಸಿದೆ.

ಬೆಲ್ಲಾಗಿ ಎಲ್ಲ ಹೋದ ಮೇಲೆ
ನೋಟ್ಸಿನ ಅಂಚು ತೋರಿಸಿ
ಆ ಕಾಯಿಲೆಯ ಹೆಸರಿನ ಕಾಗುಣಿತ ಕೇಳಿದಳು.
"ನಮ್ಮ ಇಮ್ದಾದ್‌ಗೆ ಎರಡೂವರೆ.
ಹೋದ ಬಕ್ರೀದಿಗೆ ಮಂಡಕ್ಕಿ ಒಂದೊಂದೇ ಆರಿಸಿ ತಿಂತಿದ್ದ.
ಈಗ ತಟ್ಟೆ ಎಲ್ಲೈತಿ ಅಂತ ಕೈಯಾಡಿಸ್ತಾನೆ.
ಮೂರು ಡಾಕ್ಟ್ರು, ಮೂರು ಹೆಸರು."

ಬರೆದುಕೊಟ್ಟೆ. ಇದೇ ಅಂತಲ್ಲ, ರಕ್ತ ಕಳಿಸಿ ನೋಡಬೇಕು,
ಬೇರೆ ಕಾರಣವಿದ್ದೀತು ಎಂದೆಲ್ಲ ಹೇಳಿದೆ.
ಹದಿನೇಳು ವರ್ಷ ಬಾಯಿಪಾಠವಾಗಿದ್ದ ಶಬ್ದ
ಮೊದಲ ಸಲ ಒಂದು ಮನೆಯ ಬಾಗಿಲಿಗೆ ಹೋಗಿ ನಿಂತಿತು.

ಶನಿವಾರ ನಾನೂ ಹೋದೆ, ಆಜಾದ್ ನಗರಕ್ಕೆ.
ಭಟ್ಟಿಯ ಹೊಗೆ, ಕಾದ ಮರಳು,
ಮೂಲೆಯಲ್ಲಿ ಎದೆಮಟ್ಟ ಮಂಡಕ್ಕಿ ಚೀಲ.
ಅಮ್ಮ ಬಚ್ಚಲ ಕಟ್ಟೆಯ ಮೇಲೆ ಮಗುವನ್ನು ಕೂರಿಸಿಕೊಂಡು
ಕಡಲೆಹಿಟ್ಟು ಹಚ್ಚಿ, ಬಿಸಿನೀರು ಬಿಟ್ಟು,
ಬೆರಳು ಬೆರಳಿನ ಎಣ್ಣೆ ತಿಕ್ಕುತ್ತಿದ್ದಳು.
"ಸೋಪಿಗೆ ಜಗ್ಗಂಗಿಲ್ಲ ಇದು" ಅಂದಳು ನನ್ನತ್ತ ತಿರುಗದೆ.
ಅವನು ಕೈ ಕೊಟ್ಟು ಕೂತಿದ್ದ.
ಬಾಗಿಲ ಬೆಳಕು ಬಲಕ್ಕಿತ್ತು, ಮುಖ ಅವಳ ದನಿಯ ಕಡೆಗೆ.

ಹೊರಡುವಾಗ ಬೇಡವೆಂದರೂ ಕೇಳದೆ
ನರ್ಗಿಸ್ ಕಟ್ಟಿಕೊಟ್ಟರು.
ಪರ್ಸಿನಲ್ಲಿ ರಕ್ತದ ಮೂರು ಚುಕ್ಕೆ ಒಣಗಿದ ಕಾಗದ,
ಕೈಯಲ್ಲಿ ಎಣ್ಣೆ ಹೀರಿ ಹಳದಿಯಾಗುತ್ತಿದ್ದ ಪೊಟ್ಟಣ.
ಒಂದಕ್ಕೊಂದು ತಾಗದಂತೆ ಹಿಡಿದು
ಆಟೋಕ್ಕೆ ಕೈ ಮಾಡಿದೆ.